ಲಾಂಛನ ಹಿಡಿಯುವ ಮಕ್ಕಳಿಗೆ

ಶಿವಮೊಗ್ಗ, ಭದ್ರಾವತಿಯ ಹುಡುಗ ಹುಡುಗಿಯರೇ,

ನೀವು ಕೆಲವರು ಕೂಡಿ ರಾಜಲಾಂಛನಗಳಲ್ಲಿ ಆಸಕ್ತಿ ಇರುವವರ ಬಳಗವೊಂದನ್ನು ಕಟ್ಟಲು ಹೊರಟಿದ್ದೀರಿ ಎಂದು ಕೇಳಿದೆ. ಗಂಗರ ಆನೆ, ಕದಂಬರ ಸಿಂಹ, ಚಾಲುಕ್ಯರ ವರಾಹ, ಹೊಯ್ಸಳರ ಸಳ, ಮೈಸೂರಿನ ಗಂಡಭೇರುಂಡ ಎಂದು ನಿಮ್ಮ ವಯಸ್ಸಿನವರು ಮಾತಾಡಿಕೊಳ್ಳುವುದನ್ನು ಕೇಳಿದರೆ ನಿಜವಾಗಿ ಹಿಗ್ಗಾಗುತ್ತದೆ. ನಾವು ಓದುವ ಕಾಲಕ್ಕೆ ಇವೆಲ್ಲ ‘ಹೊಂದಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಉತ್ತರವಾಗಿದ್ದವು, ಅಷ್ಟೇ. ಪರೀಕ್ಷೆ ಮುಗಿದ ಮೇಲೆ ಯಾರೂ ನೆನೆಯುತ್ತಿರಲಿಲ್ಲ. ನೀವು ಇಷ್ಟಪಟ್ಟು ನೆನೆಯುತ್ತಿದ್ದೀರಿ.

ಹಿಗ್ಗಿನ ಜೊತೆಗೆ ಒಂದು ಕಳವಳವೂ ಇದೆ. ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಬಿ.ಎಚ್. ರಸ್ತೆಯಲ್ಲಿ ನಿಂತರೆ ಬೈಕಿನ ಟ್ಯಾಂಕಿನ ಮೇಲೆ, ಕಾರಿನ ಹಿಂದಿನ ಗಾಜಿನ ಮೇಲೆ, ಅಂಗಿಯ ಎದೆಯ ಮೇಲೆ ಈ ಚಿಹ್ನೆಗಳು ಹಾದುಹೋಗುತ್ತವೆ. ನಿಲ್ಲಿಸಿ ಕೇಳಿ ನೋಡಿದ್ದೇನೆ. ಅದು ಯಾರದ್ದು ಎಂಬುದಕ್ಕೆ ಉತ್ತರ ಥಟ್ಟನೆ ಬರುತ್ತದೆ, ಹೆಚ್ಚಿನ ಸಲ ‘ನಮ್ಮದು’ ಎಂದು. ಎಲ್ಲಿ ಕೆತ್ತಿದೆ, ಯಾವ ಕಾಲದ್ದು, ಯಾಕಾಗಿ ನಿಲ್ಲಿಸಿದರು ಎಂದು ಕೇಳಿದರೆ ಮಾತು ನಿಂತುಹೋಗುತ್ತದೆ. ಚಿಹ್ನೆ ಕೈಗೆ ಬಂದಿದೆ, ಅದರ ಜೊತೆಗೆ ಬರಬೇಕಾದದ್ದು ಬಂದಿಲ್ಲ. ನನ್ನ ಚಿಂತೆಯೆಲ್ಲ ಅಷ್ಟರದ್ದೇ.

ಜೊತೆಗೆ ಬರಬೇಕಾದದ್ದು ಏನು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಶಿವಮೊಗ್ಗ ತಾಲ್ಲೂಕಿನಲ್ಲೇ ಕಲ್ಲೂರುಗುಡ್ಡ ಎಂಬ ಊರಿದೆ. ಅಲ್ಲಿನ ಸಿದ್ಧೇಶ್ವರ ದೇವಾಲಯದ ಹತ್ತಿರ 12ನೇ ಶತಮಾನದ ಉದ್ದನೆಯ ಶಾಸನವೊಂದಿದೆ. ಶಿವಮೊಗ್ಗದ ಮಂಡ್ಲಿಯ ಹೆಸರಿನಲ್ಲಿ ಇಂದಿಗೂ ಉಳಿದುಕೊಂಡಿರುವ ‘ಮಂಡಲಿ ಸಾವಿರ’ ಎಂಬ ನಾಡನ್ನು ಆಳುತ್ತಿದ್ದ ಗಂಗರು ತಮ್ಮ ವಂಶ ಹುಟ್ಟಿದ ಕಥೆಯನ್ನು ಅದರಲ್ಲಿ ಬರೆಸಿದ್ದಾರೆ. ದಡಿಗ ಮತ್ತು ಮಾಧವ ಎಂಬ ಇಬ್ಬರು ರಾಜಕುಮಾರರು ನೆಲೆ ಕಳೆದುಕೊಂಡು ದಕ್ಷಿಣಕ್ಕೆ ಬರುತ್ತಾರೆ. ಸಿಂಹನಂದಿ ಎಂಬ ಜೈನ ಆಚಾರ್ಯರು ಅವರನ್ನು ಕೈಹಿಡಿಯುತ್ತಾರೆ. ಮಾಧವ ಒಂದೇ ಏಟಿಗೆ ಕಲ್ಲಿನ ಕಂಬವನ್ನು ಕತ್ತರಿಸುತ್ತಾನೆ. ಆಚಾರ್ಯರು ಕರ್ಣಿಕಾರದ ಎಸಳುಗಳಿಂದ ಕಿರೀಟ ಕಟ್ಟಿ ತಲೆಗಿಟ್ಟು, ತಮ್ಮ ಕೈಯಲ್ಲಿದ್ದ ನವಿಲುಗರಿಯ ಕುಂಚವನ್ನೇ ಬಾವುಟವಾಗಿ ಕೊಡುತ್ತಾರೆ. ಗಂಗರು ತಮ್ಮನ್ನು ಪಿಂಛಧ್ವಜರು ಎಂದು ಕರೆದುಕೊಂಡದ್ದು ಇದರಿಂದ. ಲಾಂಛನ ಮದ್ದಾನೆ, ಧ್ವಜ ನವಿಲುಗರಿ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಬಾವುಟ ಕೊಟ್ಟ ಕೈಯೇ ಷರತ್ತುಗಳನ್ನೂ ಕೊಡುತ್ತದೆ. ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಒಪ್ಪದೆ ನಡೆದರೆ, ಪರರ ಹೆಂಡಿರಿಗೆ ಕೈಚಾಚಿದರೆ, ಮದ್ಯ ಮಾಂಸ ಸೇವಿಸಿದರೆ, ಕೆಟ್ಟವರ ಸಹವಾಸಕ್ಕೆ ಬಿದ್ದರೆ, ಇಲ್ಲದವರು ಬೇಡಿದಾಗ ಕೊಡದಿದ್ದರೆ, ಯುದ್ಧದಲ್ಲಿ ಬೆನ್ನು ತೋರಿಸಿ ಓಡಿದರೆ ನಿಮ್ಮ ಕುಲ ಅಳಿದುಹೋಗುತ್ತದೆ ಎಂದು ಆಚಾರ್ಯರು ಹೇಳುತ್ತಾರೆ. ಗಂಗರು ಅಧಿಕಾರಕ್ಕೆ ಬಂದದ್ದು 4ನೇ ಶತಮಾನದಲ್ಲಿ, ಈ ಶಾಸನ ಹುಟ್ಟಿದ್ದು ಎಷ್ಟೋ ನೂರು ವರ್ಷಗಳ ಮೇಲೆ. ಆದ್ದರಿಂದ ಇದನ್ನು ಕಣ್ಣಾರೆ ಕಂಡವರ ವರದಿ ಎಂದು ಓದಬೇಡಿ. ನನ್ನ ಮನಸ್ಸು ಹಿಡಿಯುವುದು ಬೇರೆ ಸಂಗತಿ. ತಮ್ಮ ವಂಶದ ಹಿರಿಮೆಯನ್ನು ಕಲ್ಲಿನಲ್ಲಿ ಬರೆಸಲು ಕೂತ ಅರಸರು, ತಾವು ಹೇಗೆ ನಡೆದರೆ ಹಾಳಾಗುತ್ತೇವೆ ಎಂಬುದನ್ನೂ ಅದೇ ಕಲ್ಲಿನಲ್ಲಿ ಬರೆಸಿದರು. ಊರವರೆಲ್ಲ ಓದಲಿ ಎಂದು ಬಿಟ್ಟರು.

ಮಕ್ಕಳೇ, ಇಂದು ನಾವು ಬಾವುಟವನ್ನಷ್ಟೇ ಎತ್ತಿಕೊಂಡಿದ್ದೇವೆ, ಷರತ್ತುಗಳನ್ನು ಕಲ್ಲೂರುಗುಡ್ಡದಲ್ಲೇ ಬಿಟ್ಟು ಬಂದಿದ್ದೇವೆ. ಸಿಂಹದ ಚಿತ್ರವಿರುವ ಬೈಕು ಸಿಗ್ನಲ್ ಹಾರಿ, ರಸ್ತೆ ದಾಟುವ ಅಜ್ಜಿಯನ್ನು ಬೈದು ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಚಿಹ್ನೆ ಹಾಕಿಕೊಳ್ಳಬೇಡಿ ಎಂದು ಹೇಳುತ್ತಿಲ್ಲ. ಹಾಕಿಕೊಳ್ಳುವ ಮೊದಲು ಅದು ಎಲ್ಲಿಂದ ಬಂತು ಎಂಬುದನ್ನು ಕಲ್ಲಿನ ಹತ್ತಿರವೇ ಹೋಗಿ ತಿಳಿಯಿರಿ.

ಇನ್ನೊಂದು ಮಾತು, ಇದು ಕೊಂಚ ಕಹಿ. ನಿಮ್ಮಲ್ಲಿ ಕೆಲವರು ಇದು ನಮ್ಮ ಜಾತಿಯವರ ಲಾಂಛನ, ಅದು ನಿಮ್ಮದಲ್ಲ ಎಂದು ಜಗಳಕ್ಕೆ ಬೀಳುತ್ತಿದ್ದೀರಿ. ಸ್ನೇಹಿತರೇ ಮಾತು ಬಿಟ್ಟದ್ದನ್ನು ಕಂಡಿದ್ದೇನೆ. ಗಂಡಭೇರುಂಡವನ್ನೇ ನೋಡಿ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಎತ್ತರದ ಕಂಬದ ಮೇಲೆ ಅದು ನಿಂತಿದೆ. ಮೈ ಮನುಷ್ಯನದು, ತಲೆ ಎರಡು, ಹಕ್ಕಿಯವು. 1047ರಲ್ಲಿ ಬನವಾಸಿ ಹನ್ನೆರಡು ಸಾವಿರವನ್ನು ಆಳುತ್ತಿದ್ದ ಚಾವುಂಡರಾಯರಸ ಎಂಬ ಮಹಾಮಂಡಲೇಶ್ವರ ಜಗದೇಕಮಲ್ಲೇಶ್ವರ ದೇವರ ಮುಂದೆ ಅದನ್ನು ನಿಲ್ಲಿಸಿದ. ಅವನು ಚಾಲುಕ್ಯರ ಕೈಕೆಳಗಿನವನು, ಚಾಲುಕ್ಯರ ಲಾಂಛನವೋ ವರಾಹ. ಈ ಕಂಬಕ್ಕೆ ಗರುಡಗಂಬ ಎಂಬ ಹೆಸರೂ ಅಂಟಿಕೊಂಡಿದೆ. ಬುಡದ ಅಕ್ಷರಗಳನ್ನು ಓದದೆ ತಲೆಯೆತ್ತಿ ನೋಡಿ ಹೋದವರ ಬಾಯಲ್ಲಿ ಭೇರುಂಡ ಗರುಡನಾಗಿಬಿಟ್ಟಿದೆ.

ಮುಂದೆ ಸುಮಾರು ಐದು ನೂರು ವರ್ಷ ಕಳೆದ ಮೇಲೆ ವಿಜಯನಗರದ ಅಚ್ಯುತದೇವರಾಯ ಅದೇ ಎರಡು ತಲೆಯ ಹಕ್ಕಿಯನ್ನು ಚಿನ್ನದ ನಾಣ್ಯದ ಮೇಲೆ ಅಚ್ಚು ಹಾಕಿಸಿದ. ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದ ಹಕ್ಕಿ ಅದು. ವಿಜಯನಗರದ ಸ್ವಂತ ಲಾಂಛನ ವರಾಹ, ಜೊತೆಗೆ ಸೂರ್ಯ, ಚಂದ್ರ, ಕತ್ತಿ. ಕೆಳದಿಯ ರಾಮೇಶ್ವರ ದೇವಾಲಯದಲ್ಲಿ ಅದೇ ಭೇರುಂಡ ಆನೆ ಸಿಂಹಗಳನ್ನು ಹಿಡಿದು ಕೆತ್ತನೆಯಾಗಿ ಕೂತಿದೆ. ಆಮೇಲೆ ಮೈಸೂರು ಒಡೆಯರ ಗಂಡಭೇರುಂಡ, ಮೈಸೂರು ವಿಶ್ವವಿದ್ಯಾನಿಲಯದ ಗಂಡಭೇರುಂಡ, ಇಂದು ಕರ್ನಾಟಕ ಸರ್ಕಾರದ ಪ್ರತಿ ಆದೇಶದ ತಲೆಯ ಮೇಲಿರುವ ಗಂಡಭೇರುಂಡ. ಚಾಲುಕ್ಯ ಸಾಮಂತ, ವಿಜಯನಗರದ ಅರಸ, ಕೆಳದಿಯ ವೀರಶೈವ ನಾಯಕರು, ಮೈಸೂರಿನ ಒಡೆಯರು, ಕೊನೆಗೆ ಪ್ರಜೆಗಳ ಸರ್ಕಾರ. ಇಷ್ಟು ಜನರ ಕೈ ದಾಟಿ ಬಂದದ್ದನ್ನು ಒಂದು ಜಾತಿಯ ಹೆಸರಿಗೆ ಪಹಣಿ ಮಾಡಿಸುವುದು ಹೇಗೆ?

ನಾಣ್ಯದ ಮಾತು ಬಂತು, ಇದನ್ನೂ ಕೇಳಿ. ಕೆಳದಿಯ ನಾಯಕರು ಹೊರಡಿಸಿದ ಇಕ್ಕೇರಿ ವರಾಹ ಎಂಬ ನಾಣ್ಯದ ಮೇಲೆ ಶಿವಪಾರ್ವತಿಯರು ಕೂತಿದ್ದಾರೆ. 1763ರಲ್ಲಿ ಹೈದರ್ ಅಲಿ ಆ ನಾಯಕರ ರಾಜಧಾನಿ ಬಿದನೂರನ್ನು ಗೆದ್ದ. ನಮ್ಮ ಹೊಸನಗರ ತಾಲ್ಲೂಕಿನ ಇಂದಿನ ನಗರವೇ ಅದು. ಗೆದ್ದವನು ಊರಿಗೆ ಹೈದರ್‌ನಗರ ಎಂದು ತನ್ನ ಹೆಸರಿಟ್ಟ. ಆದರೆ ತಾನು ಹೊರಡಿಸಿದ ಚಿನ್ನದ ಬಹಾದೂರಿ ಹೊನ್ನಿನ ಮೇಲೆ ಶಿವಪಾರ್ವತಿಯರನ್ನು ಹಾಗೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಹಾಕಿಸಿದ. ಪೇಟೆಯ ಜನ ನಂಬಿದ ನಾಣ್ಯದ ರೂಪವನ್ನು ಕೆಡಿಸಬಾರದು ಎಂಬ ವ್ಯವಹಾರ ಜ್ಞಾನ ಅದು ಎಂದು ನಾನು ತಿಳಿದಿದ್ದೇನೆ. ನೀವು ಬೇರೆ ರೀತಿ ಯೋಚಿಸಬಹುದು, ವಾದಿಸಿ. ಆ ನಾಣ್ಯವನ್ನು ಒಮ್ಮೆ ಕಣ್ಣಿಂದ ನೋಡಿ ವಾದಿಸಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ನೋಡದೆ ವಾದಿಸುವ ರೂಢಿ ಈಗ ಬಹಳ ಬೆಳೆದಿದೆ. ಮೊಬೈಲಿನಲ್ಲಿ ಹೊಳೆಯುವ ಚಿತ್ರವೊಂದು ಬರುತ್ತದೆ. ಯಾವುದೋ ಯಂತ್ರ ಬರೆದ ಸಿಂಹ, ಕೆಳಗೆ ‘ಕದಂಬರ ಮೂಲ ಲಾಂಛನ’ ಎಂಬ ಬರಹ. ಅರ್ಧ ಗಂಟೆಯಲ್ಲಿ ಜಿಲ್ಲೆಯೆಲ್ಲ ಸುತ್ತುತ್ತದೆ. ಕದಂಬ ಕುಲದ ನಂತರದ ಶಾಖೆಗಳವರು ಶಾಸನಗಳಲ್ಲಿ ತಮ್ಮನ್ನು ವಾನರಧ್ವಜರು, ಸಿಂಹಲಾಂಛನರು ಎಂದು ಎರಡನ್ನೂ ಹೇಳಿಕೊಂಡಿದ್ದಾರೆ. ಬಾವುಟದ ಮೇಲೆ ಕೋತಿ, ಮುದ್ರೆಯ ಮೇಲೆ ಸಿಂಹ. ಆ ಕೋತಿ ಯಾರ ಅಂಗಿಯ ಮೇಲೂ ಕಾಣುವುದಿಲ್ಲ! ಸಿಂಹ ಗಂಭೀರ, ಕೋತಿ ಹಗುರ ಎಂದು ನಾವು ತೀರ್ಮಾನಿಸಿದ್ದೇವೆ. ಅವರಿಗೆ ಹಾಗೆ ಅನಿಸಿರಲಿಲ್ಲ.

ಹೊಯ್ಸಳರ ಲಾಂಛನದ ಬಗ್ಗೆಯೂ ನೋಡದೆ ವಾದಿಸುವಂತಿಲ್ಲ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಶುಕನಾಸಿಯ ಮೇಲೆ ಅವರ ಮೂಲಪುರುಷ ಎನ್ನಲಾಗುವ ಸಳ ಮೃಗದೊಡನೆ ಕಾದುತ್ತಿದ್ದಾನೆ. ಅದು ಹುಲಿಯೋ ಸಿಂಹವೋ ಎಂಬ ಚರ್ಚೆ ಹಳೆಯದು. ಕಥೆ ಹುಲಿ ಎನ್ನುತ್ತದೆ, ಶಿಲ್ಪಿ ಕೆತ್ತಿದ್ದು ಸಿಂಹದಂತೆ ಕಾಣುತ್ತದೆ. ಚೋಳರ ಲಾಂಛನ ಹುಲಿ, ವಿಷ್ಣುವರ್ಧನ ಅವರನ್ನು ತಲಕಾಡಿನಲ್ಲಿ ಸೋಲಿಸಿದ ಗುರುತು ಇದು ಎಂದು ಹೇಳುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ನಿಮ್ಮ ಬಳಗದಲ್ಲಿ ಇಂಥ ಮಾತು ಎದ್ದಾಗ ಒಂದು ಕಟ್ಟುಪಾಡು ಇಟ್ಟುಕೊಳ್ಳಿ. ‘ನಾನು ನೋಡಿದ್ದು’, ‘ನಾನು ಓದಿದ್ದು’, ‘ಯಾರೋ ಹೇಳಿದ್ದು’ ಈ ಮೂರನ್ನು ಬೇರೆ ಬೇರೆಯಾಗಿ ಹೇಳುವುದನ್ನು ಕಲಿಯಿರಿ. ವಯಸ್ಸಿಗೆ ಬಂದ ಮೇಲೆ ಕಲಿಯುವುದು ಕಷ್ಟ, ಈಗ ಸುಲಭ.

ಹಿಂದಿನವರು ಹೇಗೆ ಮಾಡಿದರು ಎಂದು ನೋಡಿ. ಶಾಸನತಜ್ಞ ಬಿ.ಎಲ್. ರೈಸ್ ಮತ್ತು ಅವರ ಜೊತೆಯವರು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕಲ್ಲು ಹುಡುಕಿಕೊಂಡು ತಿರುಗಿ, ಒಂದೊಂದಕ್ಕೂ ತಾಲ್ಲೂಕಿನ ಹೆಸರಿನ ಜೊತೆ ಸಂಖ್ಯೆ ಕೊಟ್ಟು, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 7ನೇ ಸಂಪುಟವನ್ನು 1902ರಲ್ಲಿ, 8ನೆಯದನ್ನು 1904ರಲ್ಲಿ ಅಚ್ಚು ಹಾಕಿಸಿದರು. ಶಿವಮೊಗ್ಗ, ಶಿಕಾರಿಪುರದ ಕಲ್ಲುಗಳು ಮೊದಲನೆಯದರಲ್ಲಿ, ಸೊರಬ, ಸಾಗರ, ನಗರ, ತೀರ್ಥಹಳ್ಳಿಯವು ಎರಡನೆಯದರಲ್ಲಿ. ಕಲ್ಲೂರುಗುಡ್ಡದ ಶಾಸನ 7ನೇ ಸಂಪುಟದಲ್ಲಿ ಶಿವಮೊಗ್ಗ 4. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಪಾದ್ರಿಯೊಬ್ಬರ ಮಗನಾಗಿ. ಆದರೂ ನಮ್ಮ ಊರ ಕಲ್ಲು ನಮಗಿಂತ ಮೊದಲು ಅವರಿಗೆ ಗೊತ್ತಿತ್ತು. ಕೆಳದಿ ಗುಂಡಾಜೋಯಿಸರು ನಮ್ಮವರೇ. ಓಲೆಗರಿ, ಕಡತ, ನಾಣ್ಯಗಳನ್ನು ಮನೆಮನೆಯಿಂದ ಬೇಡಿ ತಂದು, ಮೋಡಿ ಲಿಪಿಯ ಪತ್ರಗಳನ್ನೂ ಓದಿ ಕೆಳದಿಯಲ್ಲಿ ವಸ್ತುಸಂಗ್ರಹಾಲಯ ಕಟ್ಟಿದರು. ಇಂದು ಅದು ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ಆ ವಿಶ್ವವಿದ್ಯಾಲಯವಿರುವ ಶಂಕರಘಟ್ಟದಲ್ಲಿ ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನ ಅದನ್ನು ನೋಡಿದ್ದೀರಿ?

ಇನ್ನೇನು ಉಳಿದಿದೆ, ಎಲ್ಲವೂ ಸಿಕ್ಕಿಯಾಯಿತಲ್ಲ ಎನ್ನಬೇಡಿ. ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಬಳಿ 2013ರಲ್ಲಿ ಅಗೆದಾಗ ಸಿಂಹಮುಖದ ಕಟಾಂಜನ ಸಿಕ್ಕಿತು. ಅದರ ಮೇಲಿನ ಅಕ್ಷರಗಳು ಸುಮಾರು 370ರ ಕಾಲದವು, ಹಲ್ಮಿಡಿ ಶಾಸನಕ್ಕಿಂತಲೂ ಹಳೆಯ ಕನ್ನಡ ಎಂದು ತಜ್ಞರು ಓದಿದರು. ನಮ್ಮ ಅಜ್ಜ ಮುತ್ತಜ್ಜಂದಿರೆಲ್ಲ ಓಡಾಡಿದ ನೆಲದ ಕೆಳಗೇ ಅದು ಮಲಗಿತ್ತು.

ಲಾಂಛನವೆಂದರೆ ಅರಸರದ್ದು ಮಾತ್ರ ಎಂದುಕೊಳ್ಳುವುದನ್ನೂ ಬಿಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಬಳಗ ನಿಜವಾಗಿ ಉಪಕಾರ ಮಾಡಬಹುದಾದದ್ದು ಇಲ್ಲೇ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘಕ್ಕೆ ಗುಡ್ಡಧ್ವಜವಿತ್ತು, ಊರೂರು ಸುತ್ತುವ ವ್ಯಾಪಾರಿಗಳು ತಮ್ಮದೇ ಬಾವುಟ ಹಿಡಿದು ನಡೆದರು. ಬಳ್ಳಿಗಾವಿಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ಬೇಲೂರಿನ ಶಿಲ್ಪಗಳ ಬುಡದಲ್ಲಿ ಹೆಸರು ಕೆತ್ತಿ ಬಂದರು. ಇನ್ನು ಹೊಲದ ಗಡಿಗಳಿಗೆ ಬನ್ನಿ. ಶಿವಾಲಯಕ್ಕೆ ಬಿಟ್ಟ ಭೂಮಿಯ ಮೂಲೆಯಲ್ಲಿ ಲಿಂಗಮುದ್ರೆ ಕಲ್ಲು, ವಿಷ್ಣುವಿನ ಗುಡಿಯ ಭೂಮಿಗೆ ಶಂಖಚಕ್ರದ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆ ಕಲ್ಲು, ಬ್ರಾಹ್ಮಣರಿಗೆ ಕೊಟ್ಟದ್ದಕ್ಕೆ ಕೊಡೆ ಹಿಡಿದ ವಾಮನಮುದ್ರೆಯ ಕಲ್ಲು. ಓದು ಬಾರದ ರೈತನಿಗೂ ಇದು ಯಾರ ನೆಲ ಎಂದು ದೂರದಿಂದ ತಿಳಿಯುತ್ತಿತ್ತು. ಶಾಸನದ ನೆತ್ತಿಯಲ್ಲಿ ಸೂರ್ಯ ಚಂದ್ರರಿದ್ದರೆ ಅವರಿರುವ ತನಕ ಈ ದಾನ ನಡೆಯಲಿ ಎಂದರ್ಥ, ಕರುವಿಗೆ ಹಾಲೂಡುವ ಹಸುವೂ ಪಕ್ಕದಲ್ಲಿರುತ್ತದೆ.

ಈ ಕಲ್ಲುಗಳಿಗೆ ಈಗ ಕಾವಲಿಲ್ಲ. ಬಳ್ಳಿಗಾವಿಯ ಕಂಬಕ್ಕೆ ಪುರಾತತ್ವ ಇಲಾಖೆಯ ಬೋರ್ಡಾದರೂ ಇದೆ. ಹೊಲದ ಬದುವಿನ ಲಿಂಗಮುದ್ರೆ ಕಲ್ಲಿಗೆ ಏನಿದೆ? ಜೆಸಿಬಿ ಒಂದು ಸಲ ಕೈಯಾಡಿಸಿದರೆ ಅದು ಮೋರಿಯ ಕೆಳಗೆ ಸೇರುತ್ತದೆ. ಬಟ್ಟೆ ಒಗೆಯುವ ಕಲ್ಲಾಗಿ, ದನ ಕಟ್ಟುವ ಗೂಟವಾಗಿ, ಅಡಿಕೆ ತೋಟದ ಕಾಲುಸಂಕವಾಗಿ ಬಿದ್ದವೂ ಇವೆ. ನಿಧಿಯ ಆಸೆಗೆ ಅಗೆಯುವವರ ಕಾಟ ಬೇರೆ. ನಮ್ಮ ಪೀಳಿಗೆ ಇದನ್ನು ತಡೆಯಲಿಲ್ಲ. ನೀವು ತಡೆಯಬಹುದು. ಅಜ್ಜನ ಊರಿಗೆ ಹಬ್ಬಕ್ಕೆ ಹೋದಾಗ ತೋಟದ ಅಂಚಿನಲ್ಲಿ ಒಮ್ಮೆ ನಡೆದು ಬನ್ನಿ. ಕಲ್ಲು ಕಂಡರೆ ಅಲುಗಿಸಬೇಡಿ, ಮನೆಗೆ ತರಬೇಡಿ. ಇದ್ದ ಜಾಗದಲ್ಲೇ ಅದಕ್ಕೆ ಅರ್ಥ. ಹೊಲದವರ ಒಪ್ಪಿಗೆ ಪಡೆದು ಚಿತ್ರ ತೆಗೆಯಿರಿ, ಊರು, ದಿಕ್ಕು, ಪಕ್ಕದಲ್ಲೇನಿದೆ ಎಂದು ಬರೆದಿಡಿ. ಸುಣ್ಣ, ಮೈದಾ, ವಿಭೂತಿ ಉಜ್ಜಿ ಓದುವ ಪದ್ಧತಿ ಬಿಡಿ, ಕಲ್ಲು ಸವೆಯುತ್ತದೆ. ಬೆಳಗಿನ ಓರೆ ಬಿಸಿಲು ಸಾಕು. ಬಿಸಿಲಿಲ್ಲದಿದ್ದರೆ ಸಂಜೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿಯಿರಿ, ಎದುರಿನಿಂದ ಬೇಡ. ಅಕ್ಷರ ತಾನಾಗಿ ಏಳುತ್ತದೆ.

ಚಿತ್ರ ತೆಗೆಯುವ ಮೊದಲು ಮಾತಿನಲ್ಲಿ ಬರೆಯಿರಿ ಎಂಬುದು ನನ್ನ ಇನ್ನೊಂದು ಸಲಹೆ. ಯುರೋಪಿನಲ್ಲಿ ಕುಲಚಿಹ್ನೆಗಳ ಲೆಕ್ಕ ಇಡುವವರು ಒಂದು ಒಳ್ಳೆಯ ಶಿಸ್ತು ಬೆಳೆಸಿಕೊಂಡಿದ್ದರು. ಲಂಡನ್ನಿನಲ್ಲಿ ಅದಕ್ಕಾಗಿಯೇ 1484ರಲ್ಲಿ ಒಂದು ಸಂಸ್ಥೆ ಸ್ಥಾಪನೆಯಾಗಿ ಇಂದಿಗೂ ನಡೆಯುತ್ತಿದೆ. ಢಾಲಿನ ಬಣ್ಣ ಯಾವುದು, ಪ್ರಾಣಿ ಯಾವ ಕಡೆ ಮುಖ ಮಾಡಿದೆ, ನಿಂತಿದೆಯೋ ನಡೆಯುತ್ತಿದೆಯೋ ಎಂಬುದನ್ನೆಲ್ಲ ಅವರು ಮಾತಿನಲ್ಲೇ ಬರೆದಿಡುತ್ತಾರೆ. ಅದನ್ನು ಓದಿದ ಯಾವ ಚಿತ್ರಗಾರನಾದರೂ ನೋಡದೆಯೇ ತಿರುಗಿ ಬರೆಯಬಲ್ಲ. 1877ರ ದೆಹಲಿ ದರ್ಬಾರಿಗೆ ನಮ್ಮ ದೇಶದ ಹಲವು ಸಂಸ್ಥಾನಗಳಿಗೆ ರಾಬರ್ಟ್ ಟೇಲರ್ ಎಂಬ ಅಧಿಕಾರಿ ಢಾಲು ಬಾವುಟಗಳನ್ನು ರೂಪಿಸಿದ್ದು ಆ ಪದ್ಧತಿಯಲ್ಲೇ. ನಮ್ಮ ಚಿಹ್ನೆಗಳನ್ನು ಢಾಲಿನೊಳಗೆ ಕೂರಿಸುವ ರೂಢಿ ಅಲ್ಲಿಯದು. ಶಿಸ್ತು ಎಲ್ಲಿಯದಾದರೇನು, ಕಲಿಯೋಣ. ನಮ್ಮ ಕರ್ನಾಟಕದ ಲಾಂಛನವನ್ನೇ ಮೊದಲ ಪಾಠವಾಗಿಟ್ಟುಕೊಳ್ಳಿ. ಕೆಂಪು ಢಾಲಿನ ಮೇಲೆ ಬಿಳಿಯ ಗಂಡಭೇರುಂಡ, ಎರಡು ಪಕ್ಕ ಸಿಂಹದ ಮೈ ಆನೆಯ ತಲೆಯ ಗಜಕೇಸರಿ, ಮೇಲೆ ಅಶೋಕನ ಸಿಂಹಗಳು, ಕೆಳಗೆ ಸತ್ಯಮೇವ ಜಯತೇ. ಪುಸ್ತಕ ಮುಚ್ಚಿ ಇಷ್ಟನ್ನು ಹೇಳಿ ನೋಡಿ.

ಆ ಲಾಂಛನವನ್ನು ಅಚ್ಚು ಹಾಕಿಸಿ ಅಂಗಿ ಮಾರುವ ಯೋಚನೆ ಇದ್ದರೆ ಇಂದೇ ಕೈಬಿಡಿ. ರಾಜ್ಯಗಳ ಲಾಂಛನವನ್ನು ಅಪ್ಪಣೆಯಿಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು 1950ರ ಕಾಯ್ದೆ ತಡೆಯುತ್ತದೆ. ಅಶೋಕನ ಸಿಂಹಗಳ ದುರ್ಬಳಕೆಗೆ 2005ರ ಕಾಯ್ದೆಯಲ್ಲಿ ಜೈಲೂ ಇದೆ. ಸರ್ಕಾರಿ ನೌಕರಿಗೆ ಅರ್ಜಿ ಹಾಕುವ ವಯಸ್ಸಿನಲ್ಲಿ ಗೊತ್ತಿಲ್ಲದೆ ಕೇಸು ಮೈಮೇಲೆ ಎಳೆದುಕೊಳ್ಳಬೇಡಿ.

ಭದ್ರಾವತಿಯ ಮಕ್ಕಳಿಗೆ ಬೇರೆಯಾಗಿ ಎರಡು ಮಾತು. ನಮ್ಮೂರಲ್ಲಿ ಕಾರ್ಖಾನೆ ಬಿಟ್ಟರೆ ಏನಿದೆ ಎಂದು ನೀವು ಹೇಳುವುದುಂಟು. ಪೇಟೆಯ ನಡುವೆಯೇ 13ನೇ ಶತಮಾನದ ಲಕ್ಷ್ಮೀನರಸಿಂಹ ದೇವಾಲಯ ಇದೆ, ಹೊಯ್ಸಳರ ಕೆಲಸ. ಒಂದು ಮಧ್ಯಾಹ್ನ ಅದರ ಸುತ್ತ ಸುಮ್ಮನೆ ನಡೆಯಿರಿ. ಇನ್ನು ಕಾರ್ಖಾನೆಯ ಮಾತು. ಮೈಸೂರು ಸಂಸ್ಥಾನ ವಿಶ್ವೇಶ್ವರಯ್ಯನವರ ಕನಸಿನಂತೆ ಕಬ್ಬಿಣದ ಕಾರ್ಖಾನೆ ಕಟ್ಟಿ 1923ರಲ್ಲಿ ಕುಲುಮೆ ಹೊತ್ತಿಸಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಸಂಸ್ಥಾನದ ಕಾಲದ ನೇಮಕದ ಆದೇಶ, ಪ್ರಶಸ್ತಿ ಪತ್ರ, ಗಂಡಭೇರುಂಡದ ಮುದ್ರೆಯ ಛಾಪಾ ಕಾಗದ ಇವೆಲ್ಲ ನಿಮ್ಮ ಅಜ್ಜಂದಿರ ಟ್ರಂಕುಗಳಲ್ಲಿ ಇದ್ದಾವು. ಹಿರಿಯರು ತೀರಿಕೊಂಡ ಮೇಲೆ ಆ ಟ್ರಂಕು ತೂಕಕ್ಕೆ ಗುಜರಿಗೆ ಹೋಗುತ್ತಿದೆ. ಕ್ವಾರ್ಟರ್ಸ್ ಖಾಲಿ ಮಾಡುವ ಮನೆಗಳಲ್ಲಿ ಇದು ನಡೆಯುವುದನ್ನು ನೋಡಿದ್ದೇನೆ. ಮುಂದಿನ ಸಲ ಮನೆ ಚೊಕ್ಕಟ ಮಾಡುವಾಗ ಅಮ್ಮನಿಗೆ, ಅತ್ತೆಗೆ ಹೇಳಿಡಿ: ಕಾಗದ ಕಟ್ಟುವ ಮೊದಲು ನನ್ನನ್ನು ಕರೆಯಿರಿ. ಒಂದೊಂದನ್ನೂ ಬಿಡಿಸಿ, ಮೇಲಿನ ಮುದ್ರೆ ನೋಡಿ, ಇಸವಿ ಬರೆದುಕೊಳ್ಳಿ. ಅಜ್ಜ ಇನ್ನೂ ಇದ್ದರೆ ಅವರ ಪಕ್ಕ ಕೂತು ಇದು ಯಾವ ಕಾಗದ ಎಂದು ಕೇಳಿ. ಹೇಳಲು ಅವರು ಕಾಯುತ್ತಿದ್ದಾರೆ, ಕೇಳುವವರಿಲ್ಲ.

ಎಲ್ಲಿಂದ ಆರಂಭಿಸಲಿ ಎಂದರೆ ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಿಂದ ಆರಂಭಿಸಿ. ತುಂಗೆಯ ದಡದಲ್ಲಿದೆ, ಈಗ ವಸ್ತುಸಂಗ್ರಹಾಲಯ, ಜಿಲ್ಲೆಯ ಬೇರೆಬೇರೆ ಊರುಗಳಿಂದ ತಂದ ಕಲ್ಲುಗಳು ಅಲ್ಲಿ ನಿಂತಿವೆ. ರಜೆ ಯಾವ ದಿನ ಎಂದು ವಿಚಾರಿಸಿಕೊಂಡು, ಒಬ್ಬೊಬ್ಬರು ಒಂದೊಂದೇ ಕಲ್ಲು ಆರಿಸಿಕೊಳ್ಳಿ. ಒಂದೇ. ಅದರ ಮೇಲಿರುವುದನ್ನೆಲ್ಲ ನೆತ್ತಿಯಿಂದ ಬುಡದವರೆಗೆ ಮಾತಿನಲ್ಲಿ ಬರೆದು, ಪಕ್ಕದವರಿಗೆ ಓದಿ ಹೇಳಿ, ಅವರು ಕಲ್ಲು ನೋಡದೆ ಚಿತ್ರ ಬರೆಯಲಿ. ಎಲ್ಲಿ ತಪ್ಪಿತೋ ಅಲ್ಲಿ ನಿಮ್ಮ ಬರಹ ತಿದ್ದಿ. ಅದು ಸರಿಹೋದ ಮೇಲೆ ಕಲ್ಲೂರುಗುಡ್ಡಕ್ಕೆ ಹೊರಡಿ. ಹೋಗುವಾಗ ಎಪಿಗ್ರಾಫಿಯಾ ಕರ್ನಾಟಿಕಾ 7ನೇ ಸಂಪುಟದಲ್ಲಿ ಆ ಶಾಸನವಿರುವ ಪುಟಗಳ ನಕಲು ಕೈಯಲ್ಲಿರಲಿ, ಊರಿನ ಹಿರಿಯರಿಗೆ ಮೊದಲೇ ಸುದ್ದಿ ಕಳಿಸಿರಿ.